ಮುಂದಿರುವವನ ಕಾಯಕ

ಕಾಯಕವೆಂಬ ಶಬ್ದಕ್ಕೆ ಇಂದಿನ ವ್ಯವಹಾರದಲ್ಲಿ ಉದ್ಯೋಗವೆಂಬಷ್ಟೇ ಅರ್ಥವು ಉಳಿದಂತೆ ಕಾಣುತ್ತದೆ. ಅಂಗಡಿಯವನಿಗೆ ಅಂಗಡಿ, ಗುಮಾಸ್ತನಿಗೆ ಕಛೇರಿ, ಒಕ್ಕಲುಮಗನಿಗೆ ಹೊಲ. ತಿಂಗಳ ಕೊನೆಗೋ ಸುಗ್ಗಿಯ ಕೊನೆಗೋ ಕೈಸೇರುವ ಹಣವೇ ಅದರ ಫಲ. ಹನ್ನೆರಡನೆಯ ಶತಮಾನದ ಶಿವಶರಣರು ಈ ಶಬ್ದದಲ್ಲಿ ತುಂಬಿಟ್ಟ ಅರ್ಥವು ಇಷ್ಟು ಕಿರಿದಾದುದಲ್ಲ. ಶರೀರವು ದಣಿದು ಮಾಡತಕ್ಕ ದುಡಿಮೆಯು ಸತ್ಯಶುದ್ಧವಾಗಿರಬೇಕು, ಅದರಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು. ಇವೆರಡೂ ಕೂಡಿದಾಗಲೇ ಅದಕ್ಕೆ ಕಾಯಕವೆಂಬ ಹೆಸರು ಒಪ್ಪುವುದು. ಹಾಗಾದರೆ ಸಂಬಳವಿಲ್ಲದ, ಫಸಲಿಲ್ಲದ, ಯಾರ ಹೊಟ್ಟೆಯನ್ನೂ ತುಂಬಿಸದ ದುಡಿಮೆಯನ್ನು ಏನೆಂದು ಕರೆಯಬೇಕು? ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸೈಕಲ್ಲನ್ನು ಅಂಗಳಕ್ಕಿಳಿಸಿ, ಎಂಬತ್ತು ನೂರು ಕಿಲೋಮೀಟರು ತುಳಿದು, ಬೆವರಿನಲ್ಲಿ ತೋಯ್ದು ಮನೆಗೆ ಮರಳುವ ಮಗನನ್ನು ಕಂಡು ತಂದೆಯಾದವನು ಕೇಳುವುದು ಇದನ್ನೇ: “ಇದರಿಂದ ಬಂದುದೇನು?”

ಈ ಪ್ರಶ್ನೆಯನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಕಾಯಕದಲ್ಲಿ ಶ್ರದ್ಧೆಯುಳ್ಳ ಮನೆಯಲ್ಲಿಯೇ ಇಂಥ ಪ್ರಶ್ನೆಯು ಹುಟ್ಟುವುದು. ಪಂದ್ಯಕ್ಕೆ ಯೋಗ್ಯವಾದ ಒಳ್ಳೆಯ ಸೈಕಲ್ಲಿಗೆ ಮೋಟಾರು ಸೈಕಲ್ಲಿನ ಬೆಲೆ ಬೀಳುವುದುಂಟು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮಗನು ಒಂಟಿಯಾಗಿ ಹೋಗಿರುವಾಗ ಮನೆಯಲ್ಲಿ ಕುಳಿತ ತಾಯಿಯ ಎದೆಬಡಿತಕ್ಕೆ ಬೆಲೆಯೇ ಇಲ್ಲ. ಇಷ್ಟೆಲ್ಲ ವ್ಯಯವಾಗಿ, ಪಂದ್ಯದ ದಿನ ಅವನು ನಲವತ್ತನೆಯವನಾಗಿ ಬಂದರೆ ಬಂದುದೇನು ಎಂದು ಕೇಳದೆ ಇರುವುದಾದರೂ ಹೇಗೆ? ಪ್ರಶ್ನೆಯು ನ್ಯಾಯವಾದುದು. ಉತ್ತರವನ್ನು ಮಾತ್ರ ಅವಸರದಲ್ಲಿ ಹೇಳಲಾಗದು.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬಗಳು ಪಶ್ಚಿಮ ಘಟ್ಟದ ಪಾದದಲ್ಲಿರುವ ತಾಲೂಕುಗಳು. ಇವುಗಳಲ್ಲಿ ಕಡಬವು ಪುತ್ತೂರು ಸುಳ್ಯಗಳ ಗ್ರಾಮಗಳನ್ನು ತೆಗೆದುಕೊಂಡು ಇತ್ತೀಚಿನ ವರ್ಷಗಳಲ್ಲಿ ರಚಿತವಾದುದು. ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರವು ಈಗ ಅದರ ಎಲ್ಲೆಯೊಳಗಿದೆ. ಒಂದು ಕಡೆ ಕುಮಾರಧಾರೆ, ಇನ್ನೊಂದು ಕಡೆ ಪಯಸ್ವಿನಿ. ಎಲ್ಲೆಲ್ಲಿಯೂ ಅಡಿಕೆಯ ತೋಟ, ರಬ್ಬರಿನ ಗುಡ್ಡ, ಕೆಂಪು ಮುರಕಲ್ಲಿನ ದರೆ. ಬಯಲುಸೀಮೆಯವರು ಸಮತಟ್ಟು ಎಂದು ಕರೆಯುವಂಥ ರಸ್ತೆಯು ಇಲ್ಲಿ ಒಂದು ಮೈಲಿಯಷ್ಟೂ ಸಿಕ್ಕುವುದು ದುರ್ಲಭ. ಏರಿದರೆ ಇಳಿಯಬೇಕು, ಇಳಿದೊಡನೆ ಏರಬೇಕು. ಮಾಣಿಯಿಂದ ಹೊರಟು ಪುತ್ತೂರು, ಕುಂಬ್ರ, ಜಾಲ್ಸೂರು, ಸುಳ್ಯ, ಅರಂತೋಡುಗಳನ್ನು ಹಾದು, ಸಂಪಾಜೆಯಲ್ಲಿ ಘಟ್ಟವನ್ನು ಹತ್ತಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯನ್ನು ಸೇರುವ 275ನೆಯ ರಾಷ್ಟ್ರೀಯ ಹೆದ್ದಾರಿಯೇ ಈ ಸೀಮೆಯ ಬೆನ್ನೆಲುಬು. 2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡವು ಕುಸಿದು ಈ ದಾರಿಯೇ ಮುಚ್ಚಿಹೋದುದನ್ನು ಇಲ್ಲಿಯವರು ಮರೆತಿಲ್ಲ.

ವೀರಶೈವ ಮನೆಗಳು ಈ ಭಾಗದಲ್ಲಿ ವಿರಳವಾದರೂ ಈ ರಸ್ತೆಯು ಸಮಾಜದ ಚರಿತ್ರೆಗೆ ಅಪರಿಚಿತವಲ್ಲ. ಕೊಡಗಿನ ಹಾಲೇರಿ ಅರಸರು ಲಿಂಗಾಯತರು. ಅಮರಸುಳ್ಯ, ಪುತ್ತೂರುಗಳು ಅವರ ಆಳ್ವಿಕೆಗೆ ಒಳಪಟ್ಟಿದ್ದವು. 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈ ಪ್ರದೇಶಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದ ರೂಪದಲ್ಲಿಯೇ ತೆರಬೇಕೆಂದು ವಿಧಿಸಿತು. 1837ರಲ್ಲಿ ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರನ್ನು ಮುಂದಿಟ್ಟುಕೊಂಡು, ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನಾಯಕತ್ವದಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮೇಲೆ ಹಾದು, ಏಪ್ರಿಲ್ 5ರಂದು ಮಂಗಳೂರನ್ನು ಸೇರಿ ಹದಿಮೂರು ದಿನ ಅಲ್ಲಿ ನಿಂತರು. ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಕರೆಯುವುದು ಇದನ್ನೇ. ಕಂಪನಿಯ ಸೇನೆಯು ಬಂದಮೇಲೆ ಹಿಂದಿದ್ದವರಲ್ಲಿ ಬಹುಮಂದಿ ಊರಿಗೆ ಮರಳಿರಬಹುದು; ಮುಂದೆ ನಡೆದವರು ಗಲ್ಲಿಗೇರಿದರು. ಮುಂದಿರುವವನು ತೆರುವ ಬೆಲೆಯೇ ಬೇರೆ ಎಂಬುದು ಈ ದಾರಿಗೆ ಸೈಕಲ್ಲು ಬರುವುದಕ್ಕೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ.

ಈಗ ದೃಷ್ಟಾಂತಕ್ಕಾಗಿ ಈ ಸೀಮೆಯ ಒಬ್ಬ ಹವ್ಯಾಸಿ ಸವಾರನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅವನಿಗೆ ಹೆಸರು ಬೇಕಾಗಿಲ್ಲ. ಎರಡು ಎಕರೆ ಅಡಿಕೆ ತೋಟದ ಮನೆಯವನು, ಪೇಟೆಯ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು, ವಯಸ್ಸು ಮೂವತ್ತರ ಆಚೆ ಈಚೆ ಎಂದಿಟ್ಟುಕೊಂಡರೆ ಸಾಕು. ಸೈಕಲ್ ಪಂದ್ಯವೆಂದರೆ ಅವನು ಬಾಲ್ಯದಲ್ಲಿ ಕಂಡದ್ದು ಯುವಕಮಂಡಲದ ಕ್ರೀಡೋತ್ಸವದಲ್ಲಿ ನಡೆಯುತ್ತಿದ್ದ ನಿಧಾನ ಸೈಕಲ್ ಸ್ಪರ್ಧೆ ಒಂದನ್ನೇ. ಕಾಲು ನೆಲಕ್ಕೆ ತಾಗದಂತೆ, ಗೆರೆ ದಾಟದಂತೆ, ಎಲ್ಲರಿಗಿಂತ ತಡವಾಗಿ ಬಂದವನಿಗೇ ಅದರಲ್ಲಿ ಬಹುಮಾನ. ಕಡೆಯವನಿಗೆ ಮೊದಲ ಸ್ಥಾನವನ್ನು ಕೊಡುವ ಸ್ಪರ್ಧೆಯೊಂದನ್ನು ಹಳ್ಳಿಯ ಜನ ನಗುನಗುತ್ತ ನಡೆಸಿಕೊಂಡು ಬಂದಿರುವುದು ಕಡಮೆಯ ವಿಷಯವೆ? ಅದಿರಲಿ.

ಇವನು ಪ್ರಾಯಕ್ಕೆ ಬಂದಮೇಲೆ ಒಂದು ಓಟದ ಸೈಕಲ್ಲನ್ನು ಕೊಂಡನು. ಮುಂಜಾನೆ ಸುಳ್ಯದವರೆಗೆ ಹೋಗಿ ಬರುವುದು, ರಜೆಯ ದಿನ ಉಪ್ಪಿನಂಗಡಿಯ ಮೇಲೆ ಹೋಗಿ, ಹಿಂದೆ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಊರನ್ನೇ ಕಡಿದುಹಾಕುತ್ತಿದ್ದ ಹೊಸ್ಮಠದ ಹಳೆಯ ಸೇತುವೆಯ ಜಾಗವನ್ನು ದಾಟಿ, ಕಡಬದ ಮೇಲೆ ಸುಬ್ರಹ್ಮಣ್ಯವನ್ನು ಮುಟ್ಟಿ ಬರುವುದು, ತಿಂಗಳಿಗೊಮ್ಮೆ ಸಂಪಾಜೆಯ ಘಟ್ಟವನ್ನು ಏರುವುದು, ಇದು ಅವನ ಅಭ್ಯಾಸ. ಘಟ್ಟದ ಏರಿನಲ್ಲಿ ಜೊತೆಗಾರರೆಲ್ಲ ಹಿಂದೆ ಬೀಳುತ್ತಿದ್ದರು. ತಾನು ಬಲಶಾಲಿ ಎಂಬ ಭಾವನೆಯು ಅವನಲ್ಲಿ ಮೆಲ್ಲನೆ ಬೇರೂರಿತು. ಏರುವಾಗ ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಎತ್ತಬೇಕು. ಅಲ್ಲಿ ಹಂಚಿಕೊಳ್ಳತಕ್ಕದ್ದೇನೂ ಇಲ್ಲ. ಯಾರು ಎಷ್ಟು ಗಟ್ಟಿ ಎಂಬುದು ಬಿಚ್ಚಿಟ್ಟ ಪುಸ್ತಕದಂತೆ ಕಾಣುತ್ತದೆ. ಆದುದರಿಂದಲೇ ಘಟ್ಟವು ಮನುಷ್ಯನಿಗೆ ತನ್ನ ಶಕ್ತಿಯನ್ನು ಕಲಿಸುತ್ತದೆ, ಇತರರ ಋಣವನ್ನು ಕಲಿಸುವುದಿಲ್ಲ.

ಅವನು ಬಯಲುಸೀಮೆಗೆ ಪಂದ್ಯಕ್ಕೆ ಹೋದನು. ಕರ್ನಾಟಕದಲ್ಲಿ ಸೈಕಲ್ಲಿನ ತವರು ಯಾವುದೆಂದರೆ ವಿಜಯಪುರ, ಬಾಗಲಕೋಟೆ, ಜಮಖಂಡಿಗಳ ಕಡೆ ಬೆರಳು ತೋರಿಸಬೇಕು. ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಅದು ಊರ ಸಂಗತಿ. ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವುದನ್ನು ಅವರು ಕಂಡವರೇ. ಜೋಳದ ಹೊಲದ ಮನೆಗಳ ಮಕ್ಕಳು ಅಲ್ಲಿಯ ಸರಕಾರಿ ಕ್ರೀಡಾವಸತಿಗಳಲ್ಲಿ ಬೆಳೆದು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಆ ಸೀಮೆಯ ರಸ್ತೆಗಳು ಕಣ್ಣಳತೆಗೆ ನೇರವಾಗಿ ಹರಡಿರುವ ಎರೆಯ ನೆಲದ ರಸ್ತೆಗಳು. ಮರವೂ ಇಲ್ಲ, ಗುಡ್ಡವೂ ಇಲ್ಲ. ಇರುವುದು ಗಾಳಿ.

ಕಾಡಿನ ನಡುವೆ ತುಳಿದು ಬೆಳೆದ ಕರಾವಳಿಯವನಿಗೆ ಗಾಳಿಯೆಂಬುದೊಂದು ಇದೆಯೆಂದೇ ಅರಿವಿರಲಿಲ್ಲ. ಸೈಕಲ್ಲು ನಿಧಾನವಾಗಿ ಹೋಗುವಾಗ ಅದರ ಕೈ ತಿಳಿಯುವುದಿಲ್ಲ. ಗಂಟೆಗೆ 40 ಕಿಲೋಮೀಟರಿನ ವೇಗವನ್ನು ಮುಟ್ಟಿದಾಗ ಸವಾರನು ಹಾಕುವ ಬಲದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗವು ಇಮ್ಮಡಿಯಾದರೆ ಗಾಳಿಗೆ ತೆರಬೇಕಾದ ಶಕ್ತಿಯು ಎಂಟುಮಡಿಯಾಗುತ್ತದೆ. ಆದರೆ ಒಬ್ಬನ ಹಿಂದಿನ ಗಾಲಿಗೆ ಒಂದು ಮೊಳದ ಅಂತರದಲ್ಲಿ ಇನ್ನೊಬ್ಬನು ಅಂಟಿಕೊಂಡು ಬಂದರೆ, ಹಿಂದಿನವನಿಗೆ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ದುಡಿಮೆಯು ಉಳಿಯುತ್ತದೆ. ಮುಂದಿರುವವನು ಎಲ್ಲರ ಪರವಾಗಿ ಗಾಳಿಯ ಸುಂಕವನ್ನು ಕಟ್ಟುತ್ತಾನೆ. ಹಿಂದಿರುವವರು ಸುಂಕವಿಲ್ಲದೆ ದಾಟುತ್ತಾರೆ. ಪುತ್ತೂರಿನವನು ಇದೊಂದನ್ನೂ ಅರಿಯದೆ, ತನ್ನ ಬಲವನ್ನು ನಂಬಿ, ಪಂದ್ಯವು ಆರಂಭವಾದೊಡನೆ ಮುಂದೆ ನುಗ್ಗಿ ಗಾಳಿಗೆ ಎದೆಗೊಟ್ಟನು. ಹತ್ತು ಕಿಲೋಮೀಟರಿನಲ್ಲಿ ಅವನ ಕಾಲುಗಳು ಬತ್ತಿದವು. ಹದಿನಾರು ಹದಿನೇಳರ ಹುಡುಗರ ಗುಂಪು ಅವನನ್ನು ದಾಟಿ ಹೋಯಿತು. ಉಳಿದ ದೂರವನ್ನು ಅವನು ಒಬ್ಬಂಟಿಯಾಗಿ, ಹಿಂದೆ ಬರುವ ವ್ಯಾನಿನವರು ಹತ್ತಿಕೊಳ್ಳೆಂದು ಕರೆಯುತ್ತಿರಲು, ಬೇಡವೆನ್ನುತ್ತ ಮುಗಿಸಿದನು.

ಇದು ಮೊದಲನೆಯ ಪಾಠ. ಅಹಂಕಾರವು ಮುರಿಯಿತು ಎಂದು ಹೇಳಿ ಇಲ್ಲಿಯೇ ಪ್ರವಚನವನ್ನು ಮುಗಿಸುವುದು ಸುಲಭ. ಆದರೆ ಮುರಿದ ಅಹಂಕಾರದ ಜಾಗದಲ್ಲಿ ಜಾಣತನವು ಬಂದು ಕುಳಿತುಕೊಳ್ಳುವುದುಂಟು. ಸಾಧಕನಿಗೆ ಅದರ ಭಯವೇ ಹೆಚ್ಚು.

ಎರಡನೆಯ ವರ್ಷ ಅವನು ಅಡಗಿಕೊಳ್ಳುವುದನ್ನು ಕಲಿತನು. ಗುಂಪಿನ ನಡುವೆ ಸೇರಿ, ಯಾವನ ಗಾಲಿ ಸ್ಥಿರವಾಗಿದೆಯೋ ಅವನ ಹಿಂದೆ ನಿಂತು, ಮುಂದೆ ಹೋಗುವ ಸರದಿ ಬಂದಾಗ ನೀರು ಕುಡಿಯುವಂತೆಯೋ ಗೇರು ಬದಲಿಸುವಂತೆಯೋ ನಟಿಸಿ ಪಕ್ಕಕ್ಕೆ ಸರಿದು, ಕಡೆಯ ಅರ್ಧ ಕಿಲೋಮೀಟರಿಗೆ ತನ್ನ ಬಲವನ್ನೆಲ್ಲ ಕೂಡಿಟ್ಟು ನುಗ್ಗುವ ವಿದ್ಯೆ ಅದು. ಹನ್ನೊಂದನೆಯವನಾಗಿ ಬಂದನು. ಇದರಲ್ಲಿ ಪಂದ್ಯದ ನಿಯಮಕ್ಕೆ ವಿರೋಧವಾದುದು ಏನೂ ಇಲ್ಲ. ದೊಡ್ಡ ದೊಡ್ಡ ವೀರರೂ ಹೀಗೆಯೇ ಗೆದ್ದಿದ್ದಾರೆ. ಆದರೂ ಆ ಹನ್ನೊಂದನೆಯ ಸ್ಥಾನವನ್ನು ಮನೆಯಲ್ಲಿ ಹೇಳುವಾಗ ಅವನ ಬಾಯಿ ತುಂಬಿ ಬರಲಿಲ್ಲ.

ಏಕೆ? ಇದಕ್ಕೆ ಉತ್ತರವನ್ನು ಕ್ರೀಡಾಶಾಸ್ತ್ರದಲ್ಲಿ ಹುಡುಕಿದರೆ ಸಿಗದು. ಕಲ್ಯಾಣದ ಮಹಾಮನೆಯ ಅಂಗಳಕ್ಕೆ ಹೋಗಬೇಕು. ಅಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುತ್ತಿದ್ದವರು ಆಯ್ದಕ್ಕಿ ಮಾರಯ್ಯನವರು. ಒಂದು ದಿನ ದಿನದ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಬಂದರು. ಅದು ಕದ್ದುದಲ್ಲ, ನೆಲದ ಮೇಲೆ ಬಿದ್ದಿದ್ದುದೇ. ಯಾವ ನಿಯಮವೂ ಅದನ್ನು ತಡೆದಿರಲಿಲ್ಲ. ಆದರೆ ಮಡದಿ ಲಕ್ಕಮ್ಮನವರು ಅದನ್ನು ಒಳಗೆ ಬರಗೊಡಲಿಲ್ಲ. ನಿತ್ಯದ ಪ್ರಮಾಣವನ್ನು ಇರಿಸಿಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಸತ್ಯಶುದ್ಧವೆಂದರೆ ನಿಯಮದ ಒಳಗೆ ಇರುವುದಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ? ಗಾಳಿಯಲ್ಲಿ ತನ್ನ ಸರದಿಯನ್ನು ತಪ್ಪಿಸಿಕೊಂಡವನು ಉಳಿಸಿದ ಬಲವು ಆ ಹೆಚ್ಚಿನ ಅಕ್ಕಿಯಂಥದು. ಅದು ಇನ್ನೊಬ್ಬನ ಕಾಲಿನಿಂದ ಬಂದ ಬಲ.

ಇಲ್ಲಿ ಒಂದು ವಿವೇಚನೆ ಅವಶ್ಯ. ಹಿಂದೆ ನಿಂತವರೆಲ್ಲ ಕಳ್ಳರೆಂದು ಯಾರೂ ಭಾವಿಸಬಾರದು. ನಿಜವಾಗಿ ದಣಿದವನು, ಹೊಸಬನು, ಕೈಲಾಗದವನು ನೆರಳಿನಲ್ಲಿ ಬರುವುದು ಅವನ ಹಕ್ಕು. ಬಲ್ಲಿದನ ನೆರಳು ಇರುವುದೇ ಅದಕ್ಕಾಗಿ. ದಾಸೋಹದ ಪಂಕ್ತಿಯಲ್ಲಿ ಉಣ್ಣುವವನಿಗೆ ನಾಚಿಕೆ ಏನು? ನಾಚಿಕೆಯು ಬಡಿಸಬಲ್ಲವನಾಗಿಯೂ ಎಲೆಯ ಮುಂದೆ ಕುಳಿತು, ಕೈ ಸೋತಿದೆಯೆಂದು ಹೇಳುವವನಿಗೆ. ಅವನ ಕೈ ಸೋತಿದೆಯೋ ಇಲ್ಲವೋ ಎಂಬುದನ್ನು ತೀರ್ಪುಗಾರನು ಅರಿಯನು, ಪಕ್ಕದವನು ಅರಿಯನು. ಅರಿತವನು ಒಬ್ಬನೇ. ತನ್ನ ಆಲಸ್ಯಕ್ಕೆ ಉಪಾಯವೆಂದು ಹೆಸರಿಡುವುದು ಸೈಕಲ್ ಪಂದ್ಯದಲ್ಲಿ ಮಾತ್ರ ಇರುವ ರೂಢಿಯಲ್ಲ. ಕೂಡುಕುಟುಂಬದಲ್ಲಿ, ಸಂಘದ ಆಡಳಿತದಲ್ಲಿ, ಮಠದ ಜಾತ್ರೆಯ ಕೆಲಸದಲ್ಲಿಯೂ ಮುಂದಿನವನ ಬೆನ್ನ ಹಿಂದೆ ಸುಖವಾಗಿ ಬರುವವರನ್ನು ಓದುಗರು ಬಲ್ಲರು.

ಪಾಶ್ಚಾತ್ಯರಲ್ಲಿ ಈ ಕ್ರೀಡೆಯು ನೂರು ವರ್ಷಗಳಿಗೂ ಹಳೆಯದು. 1903ರಲ್ಲಿ ಮೊದಲನೆಯ ಸಲ ಫ್ರಾನ್ಸ್ ದೇಶವನ್ನು ಸುತ್ತುವ ಪಂದ್ಯವು ನಡೆದಾಗ 60 ಮಂದಿ ಹೊರಟು 21 ಮಂದಿ ಮಾತ್ರ ಮುಗಿಸಿದರು. ಕಡೆಯವನು ಗೆದ್ದವನಿಗಿಂತ 64 ಗಂಟೆಗಳಿಗೂ ಹೆಚ್ಚು ತಡವಾಗಿ ಬಂದನು. ಮರುವರ್ಷವೇ ಮೋಸವು ಕಾಲಿಟ್ಟಿತು. ರೈಲು ಮೋಟಾರುಗಳ ನೆರವನ್ನು ಪಡೆದರೆಂಬ ಆಪಾದನೆಯೂ ಸೇರಿದಂತೆ ಹಲವು ನಿಯಮಭಂಗಗಳಿಗಾಗಿ 1904ರ ಪಂದ್ಯದ ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಐದನೆಯವನಾಗಿ ಬಂದಿದ್ದ ಆಂರಿ ಕೋರ್ನೆ ಎಂಬ ತರುಣನಿಗೆ ಜಯವನ್ನು ಕೊಡಬೇಕಾಯಿತು. ಒಂದು ಶತಮಾನವು ಕಳೆದಮೇಲೂ ಆ ಕಥೆ ಮುಗಿಯಲಿಲ್ಲ: ಸತತವಾಗಿ ಏಳು ಸಲ ಗೆದ್ದನೆಂದು ಜಗತ್ತೆಲ್ಲ ಕೊಂಡಾಡಿದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಏಳು ಪ್ರಶಸ್ತಿಗಳನ್ನೂ ನಿಷಿದ್ಧ ಔಷಧಗಳ ಕಾರಣದಿಂದ 2012ರಲ್ಲಿ ಕಿತ್ತುಕೊಳ್ಳಲಾಯಿತು. ಈ ವಿಷಯವನ್ನು ಬೆಳಸುವುದು ಬೇಡ.

ಅದಕ್ಕಿಂತ ಸ್ಮರಣೀಯವಾದುದು 1913ರಲ್ಲಿ ನಡೆದ ಸಂಗತಿ. ಯೂಜೀನ್ ಕ್ರಿಸ್ತೋಫ್ ಎಂಬ ಸವಾರನು ಪಿರನೀಸ್ ಪರ್ವತದ ತೂರ್ಮಾಲೆ ಎಂಬ ಘಟ್ಟವನ್ನು ಇಳಿಯುತ್ತಿದ್ದಾಗ ಅವನ ಸೈಕಲ್ಲಿನ ಮುಂದಿನ ಕವಲು, ಅಂದರೆ ಫೋರ್ಕು, ಮುರಿಯಿತು. ಹೊರಗಿನ ನೆರವನ್ನು ಪಡೆಯಕೂಡದೆಂಬುದು ಅಂದಿನ ಕಟ್ಟುನಿಟ್ಟು. ಅವನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಕೆಳಗಿನ ಹಳ್ಳಿಯನ್ನು ಸೇರಿ, ಅಲ್ಲಿಯ ಕುಲುಮೆಯಲ್ಲಿ, ಅಧಿಕಾರಿಗಳು ನೋಡುತ್ತಿರಲು, ಕಬ್ಬಿಣವನ್ನು ಕಾಯಿಸಿ ಬಡಿದು ತಾನೇ ಬೆಸೆದುಕೊಂಡನು. ಗಂಟೆಗಳು ಕಳೆದುಹೋದವು. ಎರಡು ಕೈಗಳೂ ಕೆಲಸದಲ್ಲಿದ್ದುದರಿಂದ ತಿದಿಯನ್ನು ಒತ್ತಲು ಒಬ್ಬ ಹುಡುಗನ ನೆರವು ಬೇಕಾಯಿತು. ಅಷ್ಟಕ್ಕಾಗಿ ಅವನಿಗೆ ಕೆಲವು ನಿಮಿಷಗಳ ದಂಡವನ್ನೂ ವಿಧಿಸಿದರು! ಗೆಲ್ಲುವ ಸಂಭವವಿದ್ದವನು ಆ ವರ್ಷ ಏಳನೆಯವನಾಗಿ ಮುಗಿಸಿದನು. ಆ ದಂಡವು ನ್ಯಾಯವೇ ಎಂದು ಯಾರಿಗಾದರೂ ಅನಿಸೀತು. ಅಧಿಕಾರಿಗಳಲ್ಲಿ ಕರುಣೆ ಕಡಮೆಯಿತ್ತೆಂಬುದು ನಿಜ. ಆದರೆ ತಿದಿಯ ನಾಲ್ಕು ಒತ್ತುಗಳನ್ನೂ ಲೆಕ್ಕಕ್ಕೆ ಹಿಡಿದ ಆ ಹಳ್ಳಿಯ ಕುಲುಮೆಗೂ ಹಿಡಿಯಷ್ಟು ಅಕ್ಕಿಯನ್ನು ಹಿಂದಿರುಗಿಸಿದ ಕಲ್ಯಾಣದ ಗುಡಿಸಲಿಗೂ ಅಂತರವೊಂದುಂಟು: ಅಲ್ಲಿ ಲೆಕ್ಕವಿಟ್ಟವರು ಹೊರಗಿನ ಅಧಿಕಾರಿಗಳು, ಇಲ್ಲಿ ಲೆಕ್ಕವಿಟ್ಟವರು ಮನೆಯೊಡತಿ. ಲಕ್ಕಮ್ಮನವರಂಥವರು ಮನೆಯಲ್ಲಿದ್ದರೆ ತೀರ್ಪುಗಾರನ ಸೀಟಿಗೆ ಕೆಲಸವೇನಿದೆ?

ಮತ್ತೆ ಪುತ್ತೂರಿನವನ ಬಳಿಗೆ. ಮೂರನೆಯ ವರ್ಷದ ಒಂದು ಪಂದ್ಯ. ಅರ್ಧ ದೂರ ಕಳೆದಾಗ ಮೂವರು ಗುಂಪನ್ನು ಬಿಟ್ಟು ಮುಂದೆ ಹೋದರು. ಅವರಲ್ಲಿ ಇವನೂ ಒಬ್ಬ. ಇಂಥ ಸಂದರ್ಭದಲ್ಲಿ ರೂಢಿಯೇನೆಂದರೆ, ಮೂವರೂ ಸರದಿಯಂತೆ ಅರ್ಧ ಅರ್ಧ ನಿಮಿಷ ಮುಂದೆ ನಿಂತು ಗಾಳಿಯನ್ನು ಸೀಳಬೇಕು. ತನ್ನ ಪಾಳಿ ಮುಗಿದವನು ಪಕ್ಕಕ್ಕೆ ಸರಿದು ಹಿಂದಕ್ಕೆ ಬರಬೇಕು. ಹಿಂದೆ ನಲವತ್ತು ಮಂದಿ ಬೆನ್ನಟ್ಟಿ ಬರುತ್ತಿರುವಾಗ ಮೂವರೂ ದುಡಿದರೆ ಮಾತ್ರ ಉಳಿವು. ಸ್ವಲ್ಪ ಹೊತ್ತಿನಲ್ಲಿ ಮೂರನೆಯವನು ಕೈಯಾಡಿಸಿ, ತನಗೆ ಆಗದೆಂದು ಸನ್ನೆ ಮಾಡಿದನು. ನಿಜವೋ ನಟನೆಯೋ? ಹಿಂದಿನ ವರ್ಷ ಅದೇ ಸನ್ನೆಯನ್ನು ತಾನೂ ಮಾಡಿದ್ದವನಿಗೆ ಸಂಶಯವು ಬಂದುದು ಸಹಜ. ಸಂಶಯಕ್ಕಾಗಿ ತಾನೂ ದುಡಿಮೆಯನ್ನು ನಿಲ್ಲಿಸಿದರೆ ಮೂವರನ್ನೂ ಗುಂಪು ನುಂಗುತ್ತದೆ. ದುಡಿದರೆ ಆ ಮೂರನೆಯವನನ್ನು ಹೊತ್ತುಕೊಂಡು ಹೋಗಿ ಗೆಲ್ಲಿಸಿದಂತೆ ಆಗಬಹುದು. ಅವನು ಸರದಿಯನ್ನು ಬಿಡಲಿಲ್ಲ. ಇನ್ನೊಬ್ಬ ಜೊತೆಗಾರನು, ವಿಜಯಪುರದ ಕಡೆಯ ಹುಡುಗನು, ತಾನೂ ಬಿಡಲಿಲ್ಲ. ಇಬ್ಬರೇ ಮೂವತ್ತು ಕಿಲೋಮೀಟರು ಎಳೆದರು. ಕಡೆಯ ತಿರುವಿನಲ್ಲಿ ಮೂರನೆಯವನು ಬಾಣದಂತೆ ಹೊರಟು ಗೆದ್ದನು.

ಇಲ್ಲಿ ದೃಷ್ಟಾಂತವನ್ನು ತಿರುಚಿ, ಸತ್ಯವಂತನಿಗೇ ಜಯವಾಯಿತೆಂದು ಹೇಳುವುದು ಓದುಗರಿಗೆ ಮಾಡುವ ವಂಚನೆ. ಪಂದ್ಯಗಳಲ್ಲಿ ಹೀಗಾಗುವುದು ಅಪರೂಪವಲ್ಲ, ಸಂಸಾರದಲ್ಲಿಯೂ ಅಲ್ಲ. ಪರಿಶೀಲಿಸಬೇಕಾದುದು ಸೋತವನ ಮನಸ್ಸನ್ನು. ಗೆರೆ ದಾಟಿದ ಕ್ಷಣ ಅವನೊಳಗೆ ಕ್ರೋಧವು ಉರಿಯಿತು. ನಾನು ಎಳೆದೆ, ಅವನು ಉಂಡ! ಈ ಕ್ರೋಧವನ್ನು ಬಿಡಿಸಿ ನೋಡಿದರೆ ಒಳಗೆ ಇರುವುದೇನು? ತಾನು ಕೊಟ್ಟುದನ್ನು ಸಾಲವೆಂದು ಬರೆದಿಟ್ಟುಕೊಂಡಿದ್ದನು. ಸಾಲ ಮರಳಿ ಬಾರದಾಗ ಬಡ್ಡಿಯು ಸಿಟ್ಟಿನ ರೂಪದಲ್ಲಿ ಬೆಳೆಯಿತು. ಶರಣರು ದಾನಕ್ಕೂ ದಾಸೋಹಕ್ಕೂ ಎಳೆದ ಗೆರೆಯು ಇದೇ ಅಲ್ಲವೆ? ದಾನದಲ್ಲಿ ಕೊಡುವ ನಾನು ಉಳಿಯುತ್ತೇನೆ, ಪಡೆದವನು ನೆನಪಿನಲ್ಲಿರುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸನಾದುದರಿಂದ ಲೆಕ್ಕದ ಪುಸ್ತಕಕ್ಕೆ ಎಡೆಯಿಲ್ಲ.

ಹಾಗೆಂದು ಸೈಕಲ್ ಪಂದ್ಯವೇ ದಾಸೋಹವೆಂದು ಹೇಳಿದರೆ ಅದು ಮಾತಿನ ಚಮತ್ಕಾರವಾದೀತು. ಗೇರುಗಳನ್ನು ಷಟ್‌ಸ್ಥಲಗಳಿಗೆ ಹೋಲಿಸಿ ಚಪ್ಪಾಳೆ ಗಿಟ್ಟಿಸುವ ಪ್ರವಚನಕಾರರೂ ಇದ್ದಾರು. ಅದರಿಂದ ಷಟ್‌ಸ್ಥಲಕ್ಕೂ ಲಾಭವಿಲ್ಲ, ಸೈಕಲ್ಲಿಗೂ ಲಾಭವಿಲ್ಲ. ಪಂದ್ಯದಲ್ಲಿ ಗೆಲ್ಲುವ ಆಸೆಯು ಇರುತ್ತದೆ, ಇರಲೇಬೇಕು. ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ನಿಂತರೆ ಪಂದ್ಯವು ನಡೆಯುವುದೆಂತು? ಪಂದ್ಯವಲ್ಲದ ದೂರಯಾನಗಳೂ ಇವೆ. ಬ್ರೆವೆ ಎಂದು ಕರೆಯುವ ಅವುಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ, 600 ಕಿಲೋಮೀಟರನ್ನು 40 ಗಂಟೆಗಳೊಳಗೆ ಮುಗಿಸಿದವರೆಲ್ಲರೂ ಸಮಾನರು, ಮೊದಲಿಗ ಕಡೆಯವನೆಂಬ ಪಟ್ಟಿಯೇ ಇಲ್ಲ. ಸ್ಥಾನದ ಹಂಬಲವು ತನ್ನನ್ನು ಸುಡುತ್ತಿದೆಯೆಂದು ಕಂಡವನು ಅದನ್ನು ಹಿಡಿಯಬಹುದು. ಆದರೆ ಹಂಬಲವಿರುವ ಜಾಗದಲ್ಲಿಯೇ ನಿಂತು ಅದನ್ನು ನೋಡಬಯಸುವವನಿಗೆ ಪಂದ್ಯದ ರಸ್ತೆಯೇ ತಕ್ಕುದು. ಮೂರು ಗಂಟೆಗಳ ಅವಧಿಯಲ್ಲಿ ಅಸೂಯೆ, ಭಯ, ಕಪಟ, ಉದಾರತೆ ಎಲ್ಲವೂ ಒಂದೊಂದಾಗಿ ಮೇಲೆ ಬಂದು ಮುಖ ತೋರಿಸಿ ಹೋಗುತ್ತವೆ. ಮನೆಯಲ್ಲಿ ಹತ್ತು ವರ್ಷ ಅಡಗಿರಬಲ್ಲ ಕಪಟಕ್ಕೆ ಅಲ್ಲಿ ಅರ್ಧ ನಿಮಿಷದ ಪಾಳಿಯಲ್ಲಿ ಹೊರಬೀಳದೆ ಗತಿಯಿಲ್ಲ.

ತಂದೆಯ ಪ್ರಶ್ನೆಯು ಇನ್ನೂ ಉಳಿದೇ ಇದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಹೊತ್ತರೆಂದು ಪ್ರಸಿದ್ಧಿ. ಹೊರಬೇಕಾದ ಅಗತ್ಯವಿಲ್ಲದವರು ಹೊತ್ತರು ಎಂಬುದರಲ್ಲಿ ಅವರಿಗೂ ಈ ಹವ್ಯಾಸಿ ಸವಾರನಿಗೂ ಹೋಲಿಕೆಯು ಕಂಡೀತು. ಅಷ್ಟಕ್ಕೇ ನಿಲ್ಲಬೇಕು. ಮಾರಯ್ಯನವರ ಹೊರೆಯಿಂದ ಜಂಗಮರ ಎಲೆಗೆ ಅನ್ನ ಬಿತ್ತು. ಇವನ ನೂರು ಕಿಲೋಮೀಟರಿನಿಂದ ಯಾರ ಎಲೆಗೂ ಏನೂ ಬೀಳಲಿಲ್ಲ. ಆದುದರಿಂದ ಪಂದ್ಯವು ಕಾಯಕವಲ್ಲ. ಅದು ಕಾಯಕಕ್ಕೆ ದೇಹವನ್ನೂ ಮನಸ್ಸನ್ನೂ ಹದಗೊಳಿಸುವ ಅಭ್ಯಾಸವಾದೀತು, ಅಥವಾ ಬರಿಯ ವಿನೋದವಾಗಿ ಮುಗಿದೀತು; ಯಾವುದಾಗುವುದೆಂಬುದು ಭಾನುವಾರದ ರಸ್ತೆಯಲ್ಲಿ ತೀರ್ಮಾನವಾಗುವುದಿಲ್ಲ. ಮನೆಯವರು ನೋಡಬೇಕಾದುದು ಸೋಮವಾರವನ್ನು. ರಸ್ತೆಯಲ್ಲಿ ಗಾಳಿಗೆ ಮುಂದಾಗಲು ಕಲಿತವನು ಮನೆಯ ಭಾರಕ್ಕೂ ಮುಂದಾಗುತ್ತಾನೆಯೇ? ನಾಲ್ಕೂವರೆಗೆ ತನಗಾಗಿ ಎದ್ದು ಗಂಜಿ ಕಾಯಿಸುವ ತಾಯಿಯೂ ತನ್ನ ಪಂದ್ಯದಲ್ಲಿ ಮುಂದೆ ನಿಂತು ಗಾಳಿ ಸೀಳುತ್ತಿರುವವಳೆಂದು ಅವನಿಗೆ ಅನಿಸಿತೇ? ದಾರಿಯಲ್ಲಿ ಪಂಕ್ಚರಾಗಿ ನಿಂತ ಶಾಲೆಯ ಹುಡುಗನನ್ನು ಕಂಡು ತನ್ನ ಪಂಪನ್ನು ಬಿಚ್ಚುತ್ತಾನೆಯೇ, ಇಲ್ಲವೆ ಗಡಿಯಾರವನ್ನು ನೋಡಿ ಮುಂದೆ ಸಾಗುತ್ತಾನೆಯೇ? ತಲೆಗೆ ಶಿರಸ್ತ್ರಾಣವನ್ನು ಧರಿಸಿ, ಹಿಂದೆ ಕೆಂಪು ದೀಪವನ್ನು ಕಟ್ಟಿ ಹೊರಡುವುದೂ ಮನೆಯವರ ವಿಷಯದಲ್ಲಿ ಅವನು ಸಲ್ಲಿಸತಕ್ಕ ಸೇವೆಯೇ. ಅದನ್ನು ಬೇಡವೆನ್ನುವ ಮಗನಿಗೆ ಸೈಕಲ್ಲನ್ನು ಕೊಡದಿರುವುದು ತಂದೆಯ ಹಕ್ಕು.

ಪುತ್ತೂರು ಸುಳ್ಯ ಕಡಬಗಳಲ್ಲಿ ಇದಕ್ಕೆ ಕಾಲವೇ ಒಂದು ಪರೀಕ್ಷೆಯನ್ನು ಒಡ್ಡುತ್ತದೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲೇ, ಅಡಿಕೆಯ ಗೊನೆಗಳಿಗೆ ಮದ್ದು ಬಿಡಬೇಕು. ತಪ್ಪಿದರೆ ಕೊಳೆರೋಗವು ವರ್ಷದ ಫಸಲನ್ನು ನೆಲಕ್ಕೆ ಉದುರಿಸುತ್ತದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಯ ನಡುವಿನ ಬಿಡುವಿನಲ್ಲಿ ಎರಡನೆಯ ಸಲ, ಮಳೆ ಬಿಡದ ವರ್ಷ ಮೂರನೆಯ ಸಲ. ಮರವೇರುವ ಆಳುಗಳು ಈಗ ಸಿಕ್ಕುವುದಿಲ್ಲ. ಅದಕ್ಕಾಗಿ ನೆಲದಲ್ಲಿಯೇ ನಿಂತು ಅಷ್ಟೆತ್ತರದ ಗೊನೆಗೆ ಮದ್ದನ್ನು ಮುಟ್ಟಿಸುವ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆ. ಬೆಲೆಯು ಕಡಮೆಯೇನಲ್ಲ; ದೋಟಿಯನ್ನು ಕೊಂಡುತಂದವನು ತಂದೆಯೇ. ಸೈಕಲ್ಲಿನ ಚೌಕಟ್ಟೂ ಅದೇ ಹಗುರವಾದ ನಾರಿನಿಂದ ಮಾಡಿದುದೆಂದು ಮಗನು ಹೇಳಿದಾಗ, ತಂದೆಯು ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿ, ಏನೂ ಹೇಳದೆ ಚಾವಡಿಯ ಒಂದೇ ಗೋಡೆಗೆ ಒರಗಿಸಿದನು. ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದ ಮಗನು ಕೈಗೆತ್ತಿಕೊಂಡುದು ದೋಟಿಯನ್ನು. ಕುತ್ತಿಗೆಯನ್ನು ಮೇಲೆತ್ತಿ, ಮುಖದ ಮೇಲೆ ಬೀಳುವ ನೀಲಿಯ ಹನಿಗಳನ್ನು ಒರಸಿಕೊಳ್ಳುತ್ತ, ಮಧ್ಯಾಹ್ನದವರೆಗೆ ಅವನು ತೋಟದಲ್ಲಿದ್ದನು. ದೋಟಿಯನ್ನು ಹಿಡಿಯಲು ತಂದೆಯ ಸರದಿ ಬಂದಾಗಲೂ ಅವನು ಅದನ್ನು ಬಿಟ್ಟುಕೊಡಲಿಲ್ಲ.